ಆಟಗಾರನ ಕೈಗೂ ಒಂದು ಕಾರ್ಬನ್ ಕಾಪಿ ಕೊಡಿ

ಎಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಹತ್ತರ ಮೇಲೆ ಕೌಂಟರ್ ಸ್ಟ್ರೈಕ್ 1.6 ಶುರುವಾಗುತ್ತಿತ್ತು. ಕಿಟಕಿಯಿಂದ ಕಿಟಕಿಗೆ ಎಳೆದ ಲ್ಯಾನ್ ಕೇಬಲ್ಲು, ಹದಿನೈದಿಪ್ಪತ್ತು ಹುಡುಗರು, ಡಸ್ಟ್ 2 ಮ್ಯಾಪು. ಸರ್ವರ್ ಓಡುತ್ತಿದ್ದದ್ದು ಒಬ್ಬ ಸೀನಿಯರ್‌ನ ಕಂಪ್ಯೂಟರ್‌ನಲ್ಲಿ. ಅಡ್ಮಿನ್ ಪಾಸ್‌ವರ್ಡ್ ಇದ್ದದ್ದೂ ಅವನ ಹತ್ತಿರವೇ. ಒಂದು ಕಮಾಂಡ್ ಹೊಡೆದರೆ ಯಾರನ್ನು ಬೇಕಾದರೂ ಆಟದಿಂದ ಆಚೆ ಹಾಕಬಹುದಿತ್ತು.

ಆ ಸೀನಿಯರ್‌ಗೆ ಗೋಡೆ ಹಿಂದೆ ಯಾರು ನಿಂತಿದ್ದಾರೆ ಅನ್ನೋದು ಹೇಗೋ ಮೊದಲೇ ಗೊತ್ತಿರುತ್ತಿತ್ತು. ಒಂದು ರಾತ್ರಿ ತಡೆಯಲಾಗದೆ ಚಾಟ್‌ನಲ್ಲಿ ‘ಅಣ್ಣಾ, ವಾಲ್‌ಹ್ಯಾಕ್ ಹಾಕಿದೀಯಾ?’ ಅಂತ ಟೈಪ್ ಮಾಡಿದೆ. ಎರಡು ಸೆಕೆಂಡ್‌ನಲ್ಲಿ ನಾನು ಸರ್ವರ್‌ನಿಂದ ಆಚೆ ಇದ್ದೆ. ಮರುದಿನ ಮೆಸ್ಸಿನಲ್ಲಿ ಕೇಳಿದರೆ ಅವನು ತಟ್ಟೆಯಿಂದ ತಲೆ ಎತ್ತದೆ ‘ಪ್ರೂಫ್ ಇದ್ಯಾ ಮಗಾ?’ ಅಂದ. ಇರಲಿಲ್ಲ. ಲಾಗ್ ಫೈಲ್ ಇದ್ದದ್ದೂ ಅವನ ಕಂಪ್ಯೂಟರ್‌ನಲ್ಲೇ.

ಅವನು ನಿಜಕ್ಕೂ ಮೋಸ ಮಾಡುತ್ತಿದ್ದನೋ, ನಾನೇ ಕೆಟ್ಟದಾಗಿ ಆಡುತ್ತಿದ್ದೆನೋ, ಇವತ್ತಿಗೂ ಹೇಳಲಾರೆ. ಈ ಲೇಖನದ ಪ್ರಶ್ನೆ ಇರುವುದೇ ಅಲ್ಲಿ. ಆಟ ನಡೆಸುವವನೇ ಆಟವನ್ನೂ ಆಡುತ್ತಿದ್ದರೆ, ತೀರ್ಪು ಕೊಡುವವನೂ ಅವನೇ ಆಗಿದ್ದರೆ, ದಾಖಲೆಯೂ ಅವನ ಹತ್ತಿರವೇ ಇದ್ದರೆ, ಉಳಿದವರಿಗೆ ಅನುಮಾನವೊಂದೇ ಗತಿ.

ಎರಡು ಥರದ ಮೋಸ

ಆನ್‌ಲೈನ್ ಆಟಗಳಲ್ಲಿ ಮೋಸ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಆಟಗಾರ. ಭಾರತದ ಮಟ್ಟಿಗೆ ಇದರ ಪ್ರಸಿದ್ಧ ಉದಾಹರಣೆ 2018ರ ಅಕ್ಟೋಬರ್‌ನದು. ಶಾಂಘೈನಲ್ಲಿ ನಡೆಯುತ್ತಿದ್ದ ಕೌಂಟರ್ ಸ್ಟ್ರೈಕ್ ಟೂರ್ನಿಯಲ್ಲಿ ಆಪ್ಟಿಕ್ ಇಂಡಿಯಾ ತಂಡದ ‘ಫೋರ್ಸೇಕನ್’ ಎಂಬ ಆಟಗಾರ ಸಿಕ್ಕಿಬಿದ್ದ. ಗುರಿ ಹಿಡಿಯಲು ನೆರವಾಗುವ ಏಮ್‌ಬಾಟ್ ಅವನ ಕಂಪ್ಯೂಟರ್‌ನಲ್ಲಿತ್ತು. ಫೈಲಿಗೆ ಇಟ್ಟಿದ್ದ ಹೆಸರು ‘ವರ್ಡ್’! ಟೂರ್ನಿಯ ಅಧಿಕಾರಿ ಪರೀಕ್ಷಿಸಲು ಬಂದಾಗ ಅವನು ಮೌಸ್ ಕಿತ್ತುಕೊಳ್ಳಲು ಒದ್ದಾಡಿದ ವಿಡಿಯೋ ಇಡೀ ಜಗತ್ತಿಗೆ ಹರಡಿತು. ತಂಡ ವಿಸರ್ಜನೆಯಾಯಿತು, ಅವನಿಗೆ ಐದು ವರ್ಷ ನಿಷೇಧ ಬಿತ್ತು. ಏನೂ ತಪ್ಪು ಮಾಡದ ಅವನ ಜೊತೆಗಾರರ ಕೆಲಸವೂ ಅದರ ಜೊತೆಗೇ ಹೋಯಿತು.

ಇಂಥ ಮೋಸಕ್ಕೆ ಶಿಕ್ಷೆ ಇದೆ, ಅವಮಾನ ಇದೆ, ಹಿಡಿಯಲು ತಂತ್ರಾಂಶ ಇದೆ. ರಯಟ್ ಕಂಪನಿಯ ವ್ಯಾಲರಂಟ್ ಆಡಬೇಕಾದರೆ ‘ವ್ಯಾನ್‌ಗಾರ್ಡ್’ ಅನ್ನೋ ಕಾವಲು ತಂತ್ರಾಂಶವನ್ನು ನಿಮ್ಮ ಕಂಪ್ಯೂಟರ್‌ನ ಕರ್ನಲ್ ಮಟ್ಟದವರೆಗೂ ಬಿಟ್ಟುಕೊಳ್ಳಬೇಕು. ಕಂಪ್ಯೂಟರ್ ಆನ್ ಆದ ಕ್ಷಣದಿಂದ ಅದು ಎಚ್ಚರವಾಗಿರುತ್ತದೆ. ಮೋಸಗಾರರನ್ನು ಹಿಡಿಯಲು ಇದು ಬೇಕು ಅಂತ ಕಂಪನಿ ಹೇಳುತ್ತದೆ, ನಾವೂ ಒಪ್ಪಿ ಇನ್‌ಸ್ಟಾಲ್ ಮಾಡುತ್ತೇವೆ.

ಸರಿ. ನನ್ನ ಯಂತ್ರದ ಒಳಗನ್ನೆಲ್ಲ ಆಟದ ಕಂಪನಿ ನೋಡಬಹುದು. ಅದರ ಸರ್ವರ್‌ನಲ್ಲಿ ನನ್ನ ಬಗ್ಗೆ ಏನು ನಡೆಯಿತು ಅಂತ ನಾನು ನೋಡಬಹುದೇ? ಬಹುತೇಕ ಆಟಗಳಲ್ಲಿ ಇಲ್ಲ. ಎರಡನೇ ಥರದ ಮೋಸ ಹುಟ್ಟೋದು ಈ ಕತ್ತಲೆಯಲ್ಲೇ. ಆಟದ ಸಿಬ್ಬಂದಿ, ಅಡ್ಮಿನ್, ಮಾಡರೇಟರ್, ಕೆಲವೊಮ್ಮೆ ಕಂಪನಿಯೇ ಮಾಡುವ ಮೋಸ. ನಮ್ಮ ಕಡೆಯ ಮಾತಲ್ಲಿ ಹೇಳಬೇಕೆಂದರೆ ಬೇಲಿಯೇ ಎದ್ದು ಹೊಲ ಮೇಯುವುದು.

ಐಸ್‌ಲ್ಯಾಂಡ್‌ನ ಪಾಠ

ಈ ವಿಷಯ ಬಂದಾಗಲೆಲ್ಲ ಗೇಮಿಂಗ್ ಲೋಕ ನೆನಪಿಸಿಕೊಳ್ಳುವ ಪ್ರಕರಣ ‘ಈವ್ ಆನ್‌ಲೈನ್’ನದು. ಐಸ್‌ಲ್ಯಾಂಡ್‌ನ ಸಿಸಿಪಿ ಕಂಪನಿ 2003ರಲ್ಲಿ ಶುರು ಮಾಡಿದ ಬಾಹ್ಯಾಕಾಶದ ಆಟ ಇದು. ಆಟಗಾರರು ಮೈತ್ರಿಕೂಟ ಕಟ್ಟುತ್ತಾರೆ, ಗಣಿ ತೋಡುತ್ತಾರೆ, ಹಡಗು ಕಟ್ಟುತ್ತಾರೆ, ತಿಂಗಳುಗಟ್ಟಲೆ ಯುದ್ಧ ಮಾಡುತ್ತಾರೆ. ಒಳ್ಳೆಯ ಹಡಗು ಕಟ್ಟಲು ಬ್ಲೂಪ್ರಿಂಟ್ ಬೇಕು. ಕೆಲವು ಮೂಲ ಬ್ಲೂಪ್ರಿಂಟ್‌ಗಳು ಲಾಟರಿಯಲ್ಲಿ ಮಾತ್ರ ಸಿಗುತ್ತಿದ್ದವು. ಒಂದು ಕೈಗೆ ಬಂದರೆ ಸಾಕು, ಅದು ಖಾಲಿಯಾಗುವ ಮಾತೇ ಇಲ್ಲ.

2007ರ ಫೆಬ್ರವರಿಯಲ್ಲಿ ಒಂದು ವಿಷಯ ಬಯಲಾಯಿತು. ‘ಟಿ20’ ಎಂಬ ಹೆಸರಿನಿಂದ ಗೊತ್ತಿದ್ದ ಸಿಸಿಪಿಯ ಡೆವಲಪರ್ ಒಬ್ಬ, ತನ್ನ ಸಿಬ್ಬಂದಿ ಅಧಿಕಾರ ಬಳಸಿ ಇಂಥ ಬ್ಲೂಪ್ರಿಂಟ್‌ಗಳನ್ನು ಸೃಷ್ಟಿಸಿಕೊಂಡಿದ್ದ. ಲಾಭ ಆಗಿದ್ದು ಅವನು ಆಡುತ್ತಿದ್ದ ‘ಬ್ಯಾಂಡ್ ಆಫ್ ಬ್ರದರ್ಸ್’ ಮೈತ್ರಿಕೂಟಕ್ಕೆ, ಅಂದರೆ ಆಗ ಆಟದ ಅತಿ ಬಲಿಷ್ಠ ಬಣಗಳಲ್ಲಿ ಒಂದಕ್ಕೆ. ಅವನು ತಪ್ಪು ಒಪ್ಪಿಕೊಂಡ. ಆದರೆ ವಿಷಯ ಹೊರಗೆಳೆದ ಆಟಗಾರನ ಖಾತೆ ಬ್ಯಾನ್ ಆಯಿತು. ಅವನೂ ನಿಯಮ ಮುರಿದಿದ್ದ ಅನ್ನೋದು ಕಂಪನಿಯ ವಾದ. ನಿಯಮದ ಪುಸ್ತಕ ಹಿಡಿದು ನೋಡಿದರೆ ಅದು ಸರಿಯೂ ಇರಬಹುದು. ಹೊರಗಿನಿಂದ ನೋಡುವವನಿಗೆ ಕಂಡದ್ದು ಮಾತ್ರ ನಮ್ಮ ಹಾಸ್ಟೆಲ್‌ನ ದೃಶ್ಯವೇ.

ಮುಂದೆ ನಡೆದದ್ದು ಮುಖ್ಯ. ಕಂಪನಿ ಸಿಬ್ಬಂದಿಯ ನಡವಳಿಕೆ ಗಮನಿಸಲು ಆಂತರಿಕ ತನಿಖಾ ವಿಭಾಗ ಮಾಡಿತು. ಅಷ್ಟಕ್ಕೆ ಆಟಗಾರರ ಸಿಟ್ಟು ತಣಿಯಲಿಲ್ಲ. 2008ರಲ್ಲಿ ಆಟಗಾರರೇ ವೋಟು ಹಾಕಿ ಆರಿಸುವ ‘ಕೌನ್ಸಿಲ್ ಆಫ್ ಸ್ಟೆಲ್ಲರ್ ಮ್ಯಾನೇಜ್‌ಮೆಂಟ್’ ಶುರುವಾಯಿತು. ಗೆದ್ದವರನ್ನು ಕಂಪನಿ ರೇಕ್ಯಾವಿಕ್‌ಗೆ ಕರೆಸಿ ಮಾತಾಡಿತು. ಈ ಕೌನ್ಸಿಲ್‌ಗೆ ದೊಡ್ಡ ಅಧಿಕಾರವೇನೂ ಇಲ್ಲ, ಸಲಹೆ ಕೊಡಬಹುದು ಅಷ್ಟೇ. ಆದರೂ ಕಂಪನಿಯ ಒಳಗೆ ನಡೆಯುವುದನ್ನು ನೋಡುವ ಒಂದು ಜೋಡಿ ಹೊರಗಿನ ಕಣ್ಣು ಅದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2019ರ ಏಪ್ರಿಲ್‌ನಲ್ಲಿ ಇದೇ ಕಂಪನಿ, ಕೌನ್ಸಿಲ್‌ನ ಚುನಾಯಿತ ಪ್ರತಿನಿಧಿಯೊಬ್ಬರು ಗೋಪ್ಯ ಮಾಹಿತಿ ಸೋರಿಕೆ ಮಾಡಿದ್ದಾರೆ ಅಂತ ಹೇಳಿ ಅವರನ್ನು ಬ್ಯಾನ್ ಮಾಡಿತು. ಕೆಲವೇ ವಾರಗಳಲ್ಲಿ ಆರೋಪ ನಿಲ್ಲುವುದಿಲ್ಲ ಅಂತ ಒಪ್ಪಿ, ಕ್ಷಮೆ ಕೇಳಿ, ಬ್ಯಾನ್ ವಾಪಸ್ ಪಡೆಯಿತು. ತೀರ್ಪು ಕೊಡುವವರು ತಮ್ಮವರನ್ನು ಕಾಪಾಡಬಹುದು, ನಿರಪರಾಧಿಯನ್ನು ಶಿಕ್ಷಿಸಲೂಬಹುದು. ಅದಕ್ಕೇ ಮೇಲ್ಮನವಿ ಬೇಕು.

ತಪ್ಪಿ ಬಂದ ಫೈಲು

ಈವ್‌ನಲ್ಲಿ ಹೋದದ್ದು ಆಟದೊಳಗಿನ ಹಡಗು. ಅದೇ ವರ್ಷ ಇನ್ನೊಂದು ಕಡೆ ನಿಜವಾದ ದುಡ್ಡು ಹೋಯಿತು. ‘ಅಬ್ಸಲ್ಯೂಟ್ ಪೋಕರ್’ ಎಂಬ ತಾಣದಲ್ಲಿ ಒಬ್ಬ ಆಟಗಾರ ಟೂರ್ನಿ ಗೆದ್ದ. ಎದುರಾಳಿಗಳ ಮುಚ್ಚಿದ ಎಲೆಗಳನ್ನು ನೋಡಿಕೊಂಡೇ ಆಡುತ್ತಿರುವ ಹಾಗಿತ್ತು ಅವನ ಆಟ. ಸೋತವನು ಪಂದ್ಯದ ದಾಖಲೆ ಕೇಳಿದ. ಸಾಮಾನ್ಯವಾಗಿ ಕಳಿಸೋದು ಅವರವರ ಎಲೆಗಳ ದಾಖಲೆ ಮಾತ್ರ. ಆದರೆ ಈ ಸಲ ಕಂಪನಿಯಿಂದ ಬಂದ ಫೈಲಿನಲ್ಲಿ ಎಲ್ಲ ಆಟಗಾರರ ಎಲೆಗಳೂ ಇದ್ದವು. ಜೊತೆಗೆ ಯಾರು ಯಾವ ಟೇಬಲ್ ನೋಡುತ್ತಿದ್ದರು ಎಂಬ ವಿವರವೂ ಇತ್ತು.

ಆಟಗಾರರು ಸಾಲು ಸಾಲಾಗಿ ಲೆಕ್ಕ ಹಾಕಿದರು. ಗೆದ್ದವನ ಟೇಬಲ್‌ಗೆ ಇನ್ನೊಂದು ಖಾತೆ ಅಂಟಿಕೊಂಡಂತೆ ನೋಡುತ್ತಾ ಕೂತಿತ್ತು. ಆ ಜಾಡು ಕಂಪನಿಯ ಒಳಗಿನವರ ಕಡೆಗೇ ಹೋಯಿತು. ಮುಚ್ಚಿದ ಎಲೆ ಕಾಣುವ ‘ಸೂಪರ್‌ಯೂಸರ್’ ಖಾತೆ ಅದು. ಪರವಾನಗಿ ಕೊಟ್ಟಿದ್ದ ಕೆನಡಾದ ಕಾನವಾಕೆ ಗೇಮಿಂಗ್ ಆಯೋಗ ತಾಣಕ್ಕೆ 5 ಲಕ್ಷ ಡಾಲರ್ ದಂಡ ಹಾಕಿತು. ಅದರ ಸೋದರ ತಾಣ ‘ಅಲ್ಟಿಮೇಟ್‌ಬೆಟ್’ನ ಹಗರಣ ಇನ್ನೂ ದೊಡ್ಡದು. ಅಲ್ಲಿ ವರ್ಷಗಟ್ಟಲೆ ಇದೇ ನಡೆದಿತ್ತು. ಮುಖ್ಯ ಹೊಣೆಗಾರ ಅಂತ ಆಯೋಗ 2008ರಲ್ಲಿ ಹೆಸರಿಸಿದ್ದು ರಸ್ ಹ್ಯಾಮಿಲ್ಟನ್ ಅವರನ್ನು, ಅಂದರೆ 1994ರ ವಿಶ್ವ ಪೋಕರ್ ಸರಣಿಯ ಚಾಂಪಿಯನ್‌ನನ್ನು. ದಂಡ 15 ಲಕ್ಷ ಡಾಲರ್. ಆಟಗಾರರಿಗೆ ವಾಪಸ್ ಕೊಟ್ಟದ್ದು ಸುಮಾರು 2.2 ಕೋಟಿ ಡಾಲರ್.

ಇಲ್ಲಿ ಗಮನಿಸಬೇಕಾದ್ದು ಒಂದೇ. ಹಿಡಿದದ್ದು ಆಯೋಗವಲ್ಲ, ಕಂಪನಿಯ ತನಿಖೆಯಲ್ಲ. ತಪ್ಪಿ ಬಂದ ಒಂದು ಫೈಲು. ಅದು ಬರದಿದ್ದರೆ ಸೋತವರಿಗೆಲ್ಲ ‘ನಿಮ್ಮ ಅದೃಷ್ಟ ಸರಿ ಇಲ್ಲ’ ಅನ್ನೋ ಉತ್ತರವೇ ಗಟ್ಟಿ.

ಕೇಳಿದ ಹಾಗಿದೆಯಲ್ಲಾ? ಇರಲೇಬೇಕು. ಕರ್ನಾಟಕದ 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣ 2022ರಲ್ಲಿ ಹೊರಗೆ ಬಂದದ್ದು ಹೇಗೆ ಅಂತ ನೆನಪಿಸಿಕೊಳ್ಳಿ. ಪರೀಕ್ಷೆ ಬರೆದವರ ಕೈಯಲ್ಲಿ ಓಎಂಆರ್ ಹಾಳೆಯ ಕಾರ್ಬನ್ ಕಾಪಿ ಉಳಿದಿತ್ತು. ಆಯ್ಕೆಯಾದ ಒಬ್ಬ ಅಭ್ಯರ್ಥಿಯ ಕಾಪಿಯಲ್ಲಿ ಉತ್ತರಿಸಿದ್ದ ಪ್ರಶ್ನೆಗಳಿಗೂ ಅವನಿಗೆ ಬಂದ ಅಂಕಗಳಿಗೂ ತಾಳೆಯಾಗಲಿಲ್ಲ. ಎಳೆ ಹಿಡಿದು ಹೋದ ಸಿಐಡಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಬಂಧಿಸಿತು. ತಪ್ಪಿತಸ್ಥರು ಯಾರು ಅನ್ನೋದನ್ನು ಕೋರ್ಟ್ ಹೇಳಬೇಕು. ಆದರೆ ಪ್ರಶ್ನೆ ಕೇಳುವ ಅವಕಾಶ ಸಿಕ್ಕಿದ್ದು ದಾಖಲೆಯ ಒಂದು ಪ್ರತಿ ಇಲಾಖೆಯ ಬೀರುವಿನ ಆಚೆಗೂ ಇದ್ದದ್ದರಿಂದ.

ಕೌಂಟರ್ ಸ್ಟ್ರೈಕ್‌ನಲ್ಲೂ 2020ರಲ್ಲಿ ಇದೇ ಆಯಿತು. ಆಟದ ಒಂದು ದೋಷ ಬಳಸಿ ತಂಡಗಳ ಕೋಚ್‌ಗಳು ಕಾಣಬಾರದ ಜಾಗಗಳನ್ನು ನೋಡುತ್ತಿದ್ದರು. ಇದನ್ನು ಬೆನ್ನು ಹತ್ತಿದ್ದು ಟೂರ್ನಿಗಳಲ್ಲಿ ಅಡ್ಮಿನ್ ಆಗಿದ್ದ ಒಬ್ಬ ವ್ಯಕ್ತಿ. ಹಳೆಯ ಪಂದ್ಯಗಳ ಡೆಮೊ ಫೈಲ್‌ಗಳು ಉಳಿದಿದ್ದರಿಂದ ವರ್ಷಗಳ ಹಿಂದಿನ ಆಟವನ್ನೂ ಮತ್ತೆ ಪರೀಕ್ಷಿಸಲು ಸಾಧ್ಯವಾಯಿತು. ಕೊನೆಗೆ ಇ-ಸ್ಪೋರ್ಟ್ಸ್ ಇಂಟೆಗ್ರಿಟಿ ಕಮಿಷನ್ 37 ಕೋಚ್‌ಗಳನ್ನು ಶಿಕ್ಷಿಸಿತು. ಸಿಬ್ಬಂದಿ ಎಂದರೆ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಅನೇಕ ಸಲ ಮೋಸ ಹಿಡಿಯುವವರೂ ಅವರೇ. ಪ್ರಾಮಾಣಿಕ ಸಿಬ್ಬಂದಿಗೂ ಆಧಾರ ಬೇಕಾಗೋದು ಅಳಿಸಲಾಗದ ದಾಖಲೆಯದ್ದೇ.

ಒಳಗಿನ ಕೆಲಸ ಹೇಗಿರುತ್ತದೆ

ಪತ್ರಿಕೋದ್ಯಮಕ್ಕೆ ಬರುವ ಮೊದಲು ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೋಡ್ ಬರೆಯುತ್ತಿದ್ದೆ. ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಗ್ರಾಹಕರ ಮಾಹಿತಿ ಇದ್ದ ಡೇಟಾಬೇಸ್‌ನ ಕೀಲಿ ನನ್ನ ಕೈಗೆ ಬಂತು. ರಾತ್ರಿ ಎರಡಕ್ಕೆ ಏನೋ ಕೆಟ್ಟರೆ ಎದ್ದು ಸರಿ ಮಾಡಬೇಕಲ್ಲ, ಅದಕ್ಕೆ. ಒಂದು ಸಾಲು ಬರೆದರೆ ಯಾರ ಖಾತೆಯಲ್ಲಿ ಏನು ಬೇಕಾದರೂ ಬದಲಾಗುತ್ತಿತ್ತು. ಬದಲಾಯಿಸಿದವರು ಯಾರು ಅಂತ ದಾಖಲಾಗುವ ಲಾಗ್ ಕೂಡ ಅದೇ ಸರ್ವರ್‌ನಲ್ಲಿತ್ತು. ಅದನ್ನು ಅಳಿಸುವ ಅಧಿಕಾರವೂ ನನಗೇ ಇತ್ತು. ಇಪ್ಪತ್ಮೂರು ವರ್ಷದ ಹುಡುಗನಿಗೆ!

ನಾನು ಮಾಡಲಿಲ್ಲ. ಆದರೆ ‘ನಾನು ಮಾಡಲಿಲ್ಲ’ ಅನ್ನೋದು ಒಂದು ವ್ಯವಸ್ಥೆ ಅಲ್ಲ. ಇದಕ್ಕೆ ಉತ್ತರ ಬ್ಯಾಂಕುಗಳಿಗೆ ದಶಕಗಳಿಂದ ಗೊತ್ತು. ದೊಡ್ಡ ಬದಲಾವಣೆಗೆ ಇಬ್ಬರ ಸಹಿ ಬೇಕು. ಲಾಗ್ ಬೇರೆ ಕಡೆ ಇರಬೇಕು, ಬರೆಯಬಹುದು ಆದರೆ ಅಳಿಸಲು ಆಗಬಾರದು. ಕೆಲಸ ಮಾಡುವವರು ಬೇರೆ, ಲೆಕ್ಕ ನೋಡುವವರು ಬೇರೆ ಇರಬೇಕು. ಆಟದ ಕಂಪನಿಗಳಿಗೆ ಇದು ಆಗದ ಕೆಲಸವೇನಲ್ಲ. ಮಾಡಿ ಅಂತ ಯಾರೂ ಬಲವಂತ ಮಾಡಿಲ್ಲ, ಅಷ್ಟೇ.

ದಕ್ಷಿಣ ಕೊರಿಯಾದಲ್ಲಿ ಬಲವಂತ ಬಂತು. 2020ರಲ್ಲಿ ‘ಡಂಜನ್ ಅಂಡ್ ಫೈಟರ್’ ಆಟದ ನಿಯೋಪಲ್ ಕಂಪನಿಯ ನೌಕರನೊಬ್ಬ ಸಿಬ್ಬಂದಿಯ ಸಾಧನ ಬಳಸಿ ತನಗೆ ತಾನೇ ದುಬಾರಿ ವಸ್ತು ಸೃಷ್ಟಿಸಿಕೊಂಡು ಸಿಕ್ಕಿಬಿದ್ದ. ಕಂಪನಿ ಅವನನ್ನು ತೆಗೆದುಹಾಕಿ ಪೊಲೀಸರ ಮೊರೆ ಹೋಯಿತು. ಅದರ ಮಾತೃಸಂಸ್ಥೆ ನೆಕ್ಸಾನ್‌ನದು ಇನ್ನೂ ದೊಡ್ಡ ಕಥೆ. ‘ಮೇಪಲ್‌ಸ್ಟೋರಿ’ಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ವಸ್ತುವಿನಿಂದ ಒಳ್ಳೆಯ ಫಲ ಬರುವ ಸಾಧ್ಯತೆಯನ್ನು ಆಟಗಾರರಿಗೆ ಹೇಳದೆ ಇಳಿಸಲಾಗಿತ್ತು. ಕೆಲವು ಫಲಗಳ ಸಾಧ್ಯತೆ ಸೊನ್ನೆಯೇ ಆಗಿತ್ತು. 2024ರ ಜನವರಿಯಲ್ಲಿ ಅಲ್ಲಿನ ನ್ಯಾಯಯುತ ವ್ಯಾಪಾರ ಆಯೋಗ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಅದೇ ವರ್ಷ ಮಾರ್ಚ್‌ನಿಂದ ಇಂಥ ಸಾಧ್ಯತೆಯ ಅಂಕಿಗಳನ್ನು ಪ್ರಕಟಿಸುವುದು ಕಾನೂನಿನ ಪ್ರಕಾರ ಕಡ್ಡಾಯವಾಯಿತು.

ನಮ್ಮಲ್ಲಿ ನಿಷೇಧ ಇದೆ, ಲೆಕ್ಕ ಇಲ್ಲ

ಭಾರತಕ್ಕೆ ಬರೋಣ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಎರಡೇ ದಿನದಲ್ಲಿ ಎರಡೂ ಸದನಗಳಲ್ಲಿ ಅಂಗೀಕರಿಸಿತು. ದುಡ್ಡಿನ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳಿಗೆ ಉತ್ತೇಜನ. ಕಾಯ್ದೆ ಪ್ರಶ್ನಿಸಿದ ಅರ್ಜಿಗಳು ನಮ್ಮ ಹೈಕೋರ್ಟಿನಿಂದಲೂ ಸುಪ್ರೀಂ ಕೋರ್ಟಿಗೆ ಹೋದವು.

ಆ ವರ್ಷದ ನವೆಂಬರ್‌ನಲ್ಲಿ ಜಾರಿ ನಿರ್ದೇಶನಾಲಯದ ಬೆಂಗಳೂರು ಕಚೇರಿ ಒಂದು ಗೇಮಿಂಗ್ ಆ್ಯಪ್ ಮೇಲೆ ಗಂಭೀರ ಆರೋಪ ಮಾಡಿತು. ಎದುರಿಗೆ ಮನುಷ್ಯ ಇದ್ದಾನೆ ಅಂತ ನಂಬಿ ದುಡ್ಡು ಕಟ್ಟಿದವರ ವಿರುದ್ಧ ಆಡುತ್ತಿದ್ದದ್ದು ಸಾಫ್ಟ್‌ವೇರ್ ಎಂಬುದು ಆರೋಪ. ಇದು ಕೋರ್ಟಿನಲ್ಲಿ ಸಾಬೀತಾಗಬೇಕು. ನಿಜವೋ ಸುಳ್ಳೋ, ನನ್ನ ಪ್ರಶ್ನೆ ಬೇರೆ. ಅಲ್ಲಿ ಆಡಿದ ಒಬ್ಬ ಹುಡುಗ ಇದನ್ನು ತಾನೇ ಪರೀಕ್ಷಿಸಲು ಯಾವುದಾದರೂ ದಾರಿ ಇತ್ತೇ? ಇ.ಡಿ. ಬಾಗಿಲು ಬಡಿಯುವವರೆಗೂ ಕಾಯಬೇಕಿತ್ತೇ?

ದುಡ್ಡಿನ ಆಟ ನಿಷೇಧವಾದರೆ ಈ ಸಮಸ್ಯೆ ಮುಗಿಯುತ್ತದೆ ಅಂದುಕೊಂಡರೆ ಅದು ಭ್ರಮೆ. ಇ-ಸ್ಪೋರ್ಟ್ಸ್‌ನಲ್ಲಿ ಬಹುಮಾನ ಇದೆ, ಸ್ಪಾನ್ಸರ್ ಇದ್ದಾರೆ, ಅದನ್ನೇ ವೃತ್ತಿ ಮಾಡಿಕೊಳ್ಳಬೇಕು ಅಂತ ಊರು ಬಿಟ್ಟು ಬಂದ ಹುಡುಗ ಹುಡುಗಿಯರಿದ್ದಾರೆ. ಒಂದು ತಪ್ಪು ಬ್ಯಾನ್ ಅವರ ಕೆಲಸ ಕಳೆಯುತ್ತದೆ. 2025ರ ಅಕ್ಟೋಬರ್‌ನ ಕರಡು ನಿಯಮಗಳಲ್ಲಿ ಮೂರು ಹಂತದ ದೂರು ವ್ಯವಸ್ಥೆಯ ಪ್ರಸ್ತಾಪ ಇತ್ತು. ಮೊದಲು ಕಂಪನಿ, ಆಮೇಲೆ ಮೇಲ್ಮನವಿ ಸಮಿತಿ, ಕೊನೆಗೆ ಪ್ರಾಧಿಕಾರ. ಒಳ್ಳೆಯದೇ. ಆದರೆ ದೂರು ಕೊಡುವವನ ಕೈಯಲ್ಲಿ ಒಂದು ಚೂರೂ ದಾಖಲೆ ಇಲ್ಲದಿದ್ದರೆ ಮೂರೂ ಹಂತದಲ್ಲಿ ಅವನಿಗೆ ಸಿಗುವ ಉತ್ತರ ‘ಪ್ರೂಫ್ ಇದ್ಯಾ?’ ಅಂತಲೇ.

ಹಾಗಾಗಿ ನಾವು ಕೇಳಬೇಕಾದ್ದು ಮೂರು.

ಒಂದು, ದಾಖಲೆ. ಬಹುಮಾನ, ಶ್ರೇಯಾಂಕ ಅಥವಾ ಖರೀದಿ ಇರುವ ಪ್ರತಿ ಆಟದಲ್ಲೂ ಪಂದ್ಯ ಮುಗಿದ ಮೇಲೆ ಅದರ ಪೂರ್ತಿ ದಾಖಲೆ ಆಡಿದವನಿಗೆ ಸಿಗಬೇಕು. ಎದುರಿಗಿದ್ದದ್ದು ಮನುಷ್ಯನೋ ಬಾಟೋ ಅನ್ನೋದೂ ಅದರಲ್ಲಿರಬೇಕು.

ಎರಡು, ಸಿಬ್ಬಂದಿ. ಕಂಪನಿಯವರು ಆಡಲಿ, ಆಡದವರು ಒಳ್ಳೆಯ ಆಟ ಮಾಡಲಾರರು. ಆದರೆ ಅವರ ಖಾತೆಗಳು ಕಂಪನಿಯೊಳಗೆ ನೋಂದಣಿಯಾಗಿರಬೇಕು, ಬಹುಮಾನದ ಪಂದ್ಯಗಳಿಂದ ಅವರು ದೂರ ಇರಬೇಕು. ವಿಶೇಷ ಅಧಿಕಾರ ಬಳಸಿದ ಪ್ರತಿ ಸಲವೂ ಅಳಿಸಲಾಗದ ಲಾಗ್‌ನಲ್ಲಿ ಬೀಳಬೇಕು. ಹೊರಗಿನವರು ವರ್ಷಕ್ಕೊಮ್ಮೆ ಅದನ್ನು ನೋಡಬೇಕು. ಎಷ್ಟು ಜನ ಆಟಗಾರರನ್ನು ಬ್ಯಾನ್ ಮಾಡಿದೆವು ಅಂತ ಹೆಮ್ಮೆಯಿಂದ ಪಟ್ಟಿ ಹಾಕುವ ಕಂಪನಿಗಳು ಎಷ್ಟು ಜನ ಸಿಬ್ಬಂದಿ ಮೇಲೆ ಕ್ರಮ ಆಯಿತು ಅಂತಲೂ ಹೇಳಬೇಕು.

ಮೂರು, ಮೇಲ್ಮನವಿ. ಬ್ಯಾನ್ ಮಾಡಿದರೆ ಯಾವ ಪಂದ್ಯ, ಯಾವ ನಿಯಮ ಅಂತ ಹೇಳಬೇಕು. ಮೇಲ್ಮನವಿ ಕೇಳುವವರು ಬ್ಯಾನ್ ಮಾಡಿದವರೇ ಆಗಿರಬಾರದು. ಯಂತ್ರ ಕಳಿಸುವ ಸಿದ್ಧ ಉತ್ತರವನ್ನು ವಿಚಾರಣೆ ಅಂತ ಕರೆಯಬಾರದು.

ಕಂಪನಿಗಳ ಆಕ್ಷೇಪ ನನಗೆ ಗೊತ್ತು. ಎಲ್ಲ ಹೇಳಿದರೆ ಮೋಸಗಾರರು ಕಲಿತುಬಿಡುತ್ತಾರೆ ಅಂತಾರೆ. ಇದರಲ್ಲಿ ಅರ್ಧ ಸತ್ಯ ಇದೆ. ಹಿಡಿಯುವ ವಿಧಾನವನ್ನು ಬಹಿರಂಗ ಮಾಡಿ ಅಂತ ನಾನೂ ಕೇಳುತ್ತಿಲ್ಲ. ಕಳ್ಳನನ್ನು ಹೇಗೆ ಹಿಡಿದಿರಿ ಅಂತ ಹೇಳಬೇಡಿ, ಏನು ಕದ್ದ ಅಂತ ಹೇಳಿ. ಸಣ್ಣ ಸ್ಟುಡಿಯೋಗಳಿಗೆ ಖರ್ಚು ಜಾಸ್ತಿ ಅನ್ನೋ ಮಾತೂ ನ್ಯಾಯವೇ. ನಾಲ್ಕು ಜನ ಸೇರಿ ಆಟ ಕಟ್ಟುವವರಿಗೆ ವಿನಾಯಿತಿ ಇರಲಿ. ಆದರೆ ಕೋಟಿಗಟ್ಟಲೆ ಆಟಗಾರರಿರುವ ಕಂಪನಿಗಳು ಪಂದ್ಯದ ದಾಖಲೆ ಕೊಡಲಾರೆವು ಅಂದರೆ ನಂಬೋದು ಕಷ್ಟ. ಪೋಕರ್ ತಾಣಗಳು 2007ರಲ್ಲೇ ಇಮೇಲ್ ಮಾಡುತ್ತಿದ್ದವು.

‘ಬಿಡಿ, ಇದು ಬರೀ ಆಟ’ ಅನ್ನುವವರಿಗೂ ಒಂದು ಮಾತು. ಇವತ್ತಿನ ಹದಿನಾರರ ಹುಡುಗಿಗೆ ನಿಯಮ, ದೂರು, ತೀರ್ಪು, ಶಿಕ್ಷೆ ಇವೆಲ್ಲ ಮೊದಲು ಪರಿಚಯವಾಗೋದು ಪಂಚಾಯ್ತಿಯಲ್ಲೋ ಕೋರ್ಟಿನಲ್ಲೋ ಅಲ್ಲ, ಫೋನಿನ ಆಟದಲ್ಲಿ. ಅಲ್ಲಿ ದೂರು ಕೊಟ್ಟರೆ ಆಚೆ ಹಾಕುತ್ತಾರೆ, ಕಾರಣ ಕೇಳಿದರೆ ಉತ್ತರ ಬರಲ್ಲ ಅನ್ನೋದನ್ನೇ ಅವಳು ಕಲಿತರೆ, ನಾಳೆ ಪರೀಕ್ಷಾ ಪ್ರಾಧಿಕಾರದ ಮುಂದೆ ನಿಂತಾಗಲೂ ಅದನ್ನೇ ಸಹಜ ಅಂದುಕೊಳ್ಳುತ್ತಾಳೆ.

ಆ ಸೀನಿಯರ್ ಈಗಲೂ ನನ್ನ ಸ್ನೇಹಿತ. ಹೋದ ಸಲ ಸಿಕ್ಕಾಗ ಮತ್ತೆ ಕೇಳಿದೆ, ಅವನು ಮತ್ತೆ ನಕ್ಕ. ಹಾಸ್ಟೆಲ್ ಆಟಕ್ಕೆ ಅಷ್ಟು ಸಾಕು. ದುಡ್ಡು, ವೃತ್ತಿ, ಹೆಸರು ಪಣಕ್ಕಿಟ್ಟ ಆಟಕ್ಕೆ ಸಾಲದು. ಪ್ರೂಫ್ ಇದ್ಯಾ ಅಂತ ಕೇಳುವವರ ಹತ್ತಿರವೇ ಪ್ರೂಫ್ ಎಲ್ಲ ಇರಬಾರದು. ಒಂದು ಕಾಪಿ ನಮ್ಮ ಹತ್ತಿರವೂ ಇರಲಿ.